ಸಾಯಲು ತಕ್ಕ ಮುಖ

ವಾಸಿಯಾಗದ ರೋಗಿಗಳು ಬಯಸಿದರೆ ವೈದ್ಯರ ನೆರವಿನಿಂದ ಸಾಯಬಹುದು ಎಂಬ ಕಾನೂನು ಬಂದಾಗ ನನ್ನ ಗಂಡನ ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ಸರ್ಕಾರ ಮೊದಲ ಬಾರಿಗೆ ನಮ್ಮ ಅನುಕೂಲ ನೋಡಿ ಕೆಲಸ ಮಾಡಿತ್ತು. ಷರತ್ತು ಒಂದೇ: ಸಾಯುವವನ ಮನಸ್ಸು ಸ್ವಸ್ಥವಾಗಿರಬೇಕು.

ಅದನ್ನು ಪರೀಕ್ಷಿಸಲು ಮನೋವೈದ್ಯರು ನಾಲ್ಕು ಮಹಡಿ ಹತ್ತಿ ಬಂದರು. ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಅವರು ಹಾಸಿಗೆ ಹಿಡಿದ ಮೇಲೆ ನಮ್ಮ ಕಟ್ಟಡದ ಲಿಫ್ಟನ್ನು ಯಾರೂ ಮುಟ್ಟಿರಲಿಲ್ಲ. ಏದುಸಿರು ಬಿಡುತ್ತಿದ್ದ ಡಾಕ್ಟರನ್ನು ನೋಡಿ ಇವರು, "ಕೂತ್ಕೊಳ್ಳಿ ಸಾರ್. ನನಗಿಂತ ನಿಮಗೇ ಅರ್ಜೆಂಟ್ ಇದ್ದ ಹಾಗಿದೆ" ಎಂದರು.

ಡಾಕ್ಟರ್ ನಗಲಿಲ್ಲ. "ಹಾಸ್ಯಪ್ರಜ್ಞೆ ಚೆನ್ನಾಗಿದೆ. ಬದುಕೋ ಆಸೆ ಇನ್ನೂ ಇದೆ" ಎಂದು ತೀರ್ಪು ಕೊಟ್ಟು ಇಳಿದು ಹೋದರು.

ಮುಂದಿನ ಸಲ ಇವರು ಜೋಕು ಮಾಡಲಿಲ್ಲ. ಮಗ್ಗುಲು ಬದಲಿಸಿದರೆ ಪ್ರಾಣ ಹೋದಂತಾಗುತ್ತದೆ, ಆದರೆ ಹೋಗುವುದಿಲ್ಲ ಎಂದು ಹೇಳಿ ಅತ್ತರು.

"ಖಿನ್ನತೆ" ಎಂದರು ಡಾಕ್ಟರ್. "ಮಾತ್ರೆ ಬರೆದುಕೊಡ್ತೀನಿ. ಸ್ವಲ್ಪ ಉತ್ಸಾಹ ಬರ್ಲಿ, ಆಮೇಲೆ ಸಾಯೋ ವಿಚಾರ ಮಾಡೋಣ."

ಅವರು ಹೋದ ಮೇಲೆ ಇವರು ನನ್ನ ಮೇಲೆ ರೇಗಿದರು. "ನಕ್ಕರೂ ಆಗಲ್ಲ, ಅತ್ತರೂ ಆಗಲ್ಲ. ಇನ್ಯಾವ ಮುಖ ತರ್ಲಿ ಕಣೇ?"

"ಲಿಫ್ಟಲ್ಲಿ ನಿಂತ ಜನ ಇಟ್ಕೊಂಡಿರ್ತಾರಲ್ಲ ರೀ, ಆ ಮುಖ."

ಪಕ್ಕದವರು ಇಲ್ಲವೇ ಇಲ್ಲವೆಂಬಂತೆ ಬಾಗಿಲಿನ ಮೇಲಿನ ಅಂಕಿಗಳನ್ನೇ ನೋಡುವ ಮುಖ. ಅಂಥ ಮುಖಗಳ ನಡುವೆಯೇ ದುಡಿದವರು, ಬೇಗ ಕಲಿತರು. ಅಭ್ಯಾಸ ಮಾಡುತ್ತಿದ್ದಾಗ ಅತ್ತೆ ಹಾಲು ತಂದರು.

"ಅದ್ಯಾಕೋ ಹಾಗೆ ಮುಖ ಮಾಡ್ಕೊಂಡಿದ್ದೀಯ? ಯಾರಾದ್ರೂ ಹೋಗ್ಬಿಟ್ರಾ?"

"ಇನ್ನೂ ಇಲ್ಲಮ್ಮ. ತಯಾರಿ ನಡೀತಿದೆ."

ಅತ್ತೆ ಲೋಟ ಕುಕ್ಕಿ, ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿದರು. ಅಳು ಕೇಳಿಸಬಾರದೆಂದರೆ ಅವರು ನೀರಿನ ಮುಖ ನೋಡುತ್ತಿರಲಿಲ್ಲ.

ಮೂರನೆಯ ಸಲ ಇವರು ಪಾಸಾದರು. ಸಂತೋಷವೂ ಇಲ್ಲ, ದುಃಖವೂ ಇಲ್ಲ, ಸಾಯಲು ಯೋಗ್ಯ. ಔಷಧಿಯ ಬಾಟಲಿ ಬಂತು. ಬೀರುವಿನಲ್ಲಿ, ಒಗೆದ ದುಪ್ಪಟಿಗಳ ಪಕ್ಕ ಇಟ್ಟೆ. ಬಹಳ ದಿನಗಳ ಮೇಲೆ ಇವರಿಗೆ ನಿದ್ದೆ ಹತ್ತಿತು.

ಬೆಳಗ್ಗೆ, ಕಾಫಿ ಬೇಕೇ ಎಂದು ಕೇಳುವ ದನಿಯಲ್ಲೇ, ಬಾಟಲಿ ತರಲೇ ಎಂದು ಕೇಳಿದೆ.

"ಇವತ್ತು ಬೇಡ ಕಣೇ. ಇದೆಯಲ್ಲ."

ಮರುದಿನವೂ ಅದೇ ಮಾತು. ನೋವು ಕಡಿಮೆಯಾಗಿರಲಿಲ್ಲ. ಅದು ಮುಗಿಯುವುದೇ ಇಲ್ಲವೆಂಬ ಭಯ ಹೋಗಿತ್ತು. ಹೀಗೆ ಬೇಡ ಬೇಡವೆನ್ನುತ್ತಲೇ ಒಂದು ಮಧ್ಯಾಹ್ನ, ಕಾನೂನಿಗೆ ತೊಂದರೆ ಕೊಡದೆ, ತಾವಾಗಿಯೇ ಹೋದರು.

ಬಳಸದ ಔಷಧಿಯನ್ನು ಹಿಂತಿರುಗಿಸಬೇಕು. ಡಾಕ್ಟರೇ ಹತ್ತಿ ಬಂದರು.

"ನೋಡಿದ್ರಾ? ನಾನು ಮೊದಲೇ ಹೇಳಿದ್ದೆ. ಅವರಿಗೆ ಸಾಯೋಕೆ ಇಷ್ಟ ಇರಲಿಲ್ಲ."

"ಯಾರಿಗಿರುತ್ತೆ ಡಾಕ್ಟ್ರೇ?" ಎಂದೆ.

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ಸೀಲು ಒಡೆದಿಲ್ಲವೆಂದು ಖಚಿತಪಡಿಸಿಕೊಂಡರು. ಆಮೇಲೆ, ಒಂದು ಕೈಚೀಲವಿದ್ದರೆ ಕೊಡಿ ಎಂದರು.

ಕೊಟ್ಟೆ.