ಅರವತ್ತು ವರ್ಷದ ಷೇರು

ವೆಂಕಟರಾಯಪ್ಪನಿಗೆ ಷೇರಿನ ಹುಚ್ಚು ಹಿಡಿದದ್ದು ತೊಂಬತ್ತೆರಡರ ಸಂಕ್ರಾಂತಿ ಕಳೆದ ಮೇಲೆ. ದೊಡ್ಡಬಳ್ಳಾಪುರದಲ್ಲಿ ನಾಲ್ಕು ಮಗ್ಗ ಓಡಿಸುತ್ತಿದ್ದ ಅವನು, ಆರು ವರ್ಷದ ಹಿಂದೆ ಒಂದು ನೂಲಿನ ಗಿರಣಿಯ ಇನ್ನೂರು ಷೇರುಗಳನ್ನು ತಲಾ ಹತ್ತು ರೂಪಾಯಿಗೆ ಹೆಂಡತಿ ಮುನಿಗಂಗಮ್ಮನ ಹೆಸರಿನಲ್ಲಿ ಕೊಂಡು ಮರೆತೇಬಿಟ್ಟಿದ್ದ. ಈಗ ಪೇಪರಿನಲ್ಲಿ ನೋಡಿದರೆ ಒಂದಕ್ಕೆ ಇನ್ನೂರನಲವತ್ತು! ಅಂದಿನಿಂದ ಅವನ ನಡಿಗೆಯೇ ಬದಲಾಯಿತು. ಹೋಟೆಲಿನಲ್ಲಿ ಪರಿಚಯವಿಲ್ಲದವರ ಕಾಫಿಗೂ ತಾನೇ ದುಡ್ಡು ಕೊಡತೊಡಗಿದ.

ಅಷ್ಟರಲ್ಲಿ ಗಿರಣಿಯ ವಾರ್ಷಿಕ ಸಭೆಗೆ ಮುನಿಗಂಗಮ್ಮನ ಹೆಸರಿಗೆ ಕಾಗದ ಬಂತು. ಗಂಡ ಹೆಂಡತಿ ಬೆಂಗಳೂರಿನ ಬಸ್ಸು ಹತ್ತಿದರು.

"ಅಲ್ಲಿ ಬಾಯಿ ಬಿಡ್ಬೇಡ ಕಣೇ. ದೊಡ್ಡ ದೊಡ್ಡೋರು ಬಂದಿರ್ತಾರೆ," ಎಂದು ಯಲಹಂಕ ದಾಟುವವರೆಗೂ ಅವನು ಪಾಠ ಹೇಳಿದ.

"ನಾನ್ಯಾಕೆ ಬಿಡ್ಲಿ? ತಿಂಡಿ ಕೊಟ್ರೆ ಬಿಡ್ತೀನಿ," ಎಂದಳು ಮುನಿಗಂಗಮ್ಮ.

ಸಭೆಯಲ್ಲಿ ಅಧ್ಯಕ್ಷರು ಇಂಗ್ಲಿಷಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದರು. ವೆಂಕಟರಾಯಪ್ಪ ಎಲ್ಲರೂ ಚಪ್ಪಾಳೆ ತಟ್ಟಿದಾಗ ತಟ್ಟಿದ. ಒಮ್ಮೆ ಒಬ್ಬನೇ ತಟ್ಟಿ ನಿಲ್ಲಿಸಿದ. ಕೊನೆಗೆ ಯಾರಾದರೂ ಏನಾದರೂ ಕೇಳುವುದಿದೆಯೇ ಎಂದಾಗ ಪಕ್ಕದ ಕುರ್ಚಿ ಕಿರುಗುಟ್ಟಿತು. ಮುನಿಗಂಗಮ್ಮ ಎದ್ದು ನಿಂತಿದ್ದಳು.

"ಒಂದು ಷೇರಿಗೆ ವರ್ಷಕ್ಕೆ ಎಷ್ಟು ಲಾಭ ಬೀಳುತ್ತೆ ಸ್ವಾಮಿ?"

"ನಾಲ್ಕು ರೂಪಾಯಿ, ಅಮ್ಮಾ," ಎಂದರು ಅಧ್ಯಕ್ಷರು. "ಎರಡು ನಿಮಗೆ ಕೊಡ್ತೀವಿ, ಎರಡು ಗಿರಣಿಗೆ ಇಟ್ಕೋತೀವಿ."

"ಹಂಗಾದ್ರೆ ಇವತ್ತು ಇನ್ನೂರನಲವತ್ತು ಕೊಟ್ಟು ತಗೊಂಡೋರಿಗೆ ಆ ದುಡ್ಡು ದುಡಿಯಕ್ಕೆ ಅರವತ್ತು ವರ್ಷ ಬೇಕಲ್ಲ? ನಾವು ಹಳೇ ಮಗ್ಗ ತಗೊಂಡ್ರೂ ನಾಲ್ಕು ವರ್ಷಕ್ಕೆ ಹಾಕಿದ್ದು ವಾಪಸ್ ಬರುತ್ತಾ ಅಂತ ನೋಡ್ತೀವಿ."

ಸಭೆ ಗೊಳ್ಳೆಂದು ನಕ್ಕಿತು. ವೆಂಕಟರಾಯಪ್ಪ ಬಗ್ಗಿ, ಏನೋ ಕಳೆದುಕೊಂಡವನಂತೆ ಕುರ್ಚಿಯ ಕೆಳಗೆ ಹುಡುಕತೊಡಗಿದ.

"ಲಾಭ ಮುಂದೆ ಬೆಳೆಯುತ್ತಮ್ಮಾ!" ಎಂದರು ಅಧ್ಯಕ್ಷರು.

"ಬೆಳೀಲಿ ಸ್ವಾಮಿ. ಎರಡರಷ್ಟಾದ್ರೂ ಮೂವತ್ತು ವರ್ಷ ಆಯ್ತು. ಹೊಸ ಮಿಷನ್ ಹಾಕಿದೀರಾ? ಆರ್ಡರ್ ಜಾಸ್ತಿ ಬಂದಿದ್ಯಾ?"

ಅಧ್ಯಕ್ಷರು ಪಕ್ಕದವರನ್ನು ನೋಡಿದರು. ಪಕ್ಕದವರು ಕಾಗದ ನೋಡಿದರು. ನಗು ನಿಂತಿತ್ತು. ಮುಂದಿನ ಸಾಲಿನ ಸಫಾರಿ ಸೂಟಿನವನೊಬ್ಬ ಮೆಲ್ಲಗೆ ಎದ್ದು ಟೆಲಿಫೋನ್ ಎಲ್ಲಿದೆಯೆಂದು ವಿಚಾರಿಸಿಕೊಂಡು ಹೊರಗೆ ಹೋದ.

ವಾಪಸಾಗುವಾಗ ರಾಜಾನುಕುಂಟೆಯವರೆಗೂ ವೆಂಕಟರಾಯಪ್ಪ ಕಿಟಕಿಯಾಚೆ ನೋಡುತ್ತ ಕೂತ. ಮುನಿಗಂಗಮ್ಮನೇ ಶುರು ಮಾಡಿದಳು.

"ಮಾರ್ಬಿಡೋಣ ಕಣ್ರೀ. ಸರ್ಕಾರಿ ಕಂಪನಿಗೆ ಸಾಲ ಕೊಟ್ಟು ಬಾಂಡು ತಗೊಂಡ್ರೆ ನೂರಕ್ಕೆ ವರ್ಷಕ್ಕೆ ಹದಿನಾಲ್ಕು ಬಡ್ಡಿ ಬರುತ್ತಂತೆ. ಏಳು ವರ್ಷಕ್ಕೆ ಹೆಚ್ಚುಕಮ್ಮಿ ಹಾಕಿದ್ದು ಬಂತು, ಕೊನೇಲಿ ಅಸಲು ಬೇರೆ."

"ಬಾಂಡು ಹದಿನಾಲ್ಕು ಅಂದ್ರೆ ಹದಿನಾಲ್ಕೇ! ಕಂಪನಿಗೆ ಎಷ್ಟೇ ಲಾಭ ಬಂದ್ರೂ ಅದು ಷೇರಿನ ಥರ ಬೆಳೆಯಲ್ಲ ಕಣೇ!"

ಅವಳು ಬೆರಳೆಣಿಸಿ ಲೆಕ್ಕ ಹಾಕಿದಳು. "ಅದೂ ನಿಜ. ಹಂಗಾದ್ರೆ ಅರ್ಧ ಮಾರೋಣ."

ಮದುವೆಯಾದ ಮೇಲೆ ಮೊದಲ ಸಲ ವೆಂಕಟರಾಯಪ್ಪ ಒಂದು ವಾದದಲ್ಲಿ ಅರ್ಧ ಗೆದ್ದಿದ್ದ.

ಊರಿನ ಬ್ರೋಕರ್ ಮೂಲಕ ಇನ್ನೂರನಲವತ್ತಕ್ಕೇ ನೂರು ಷೇರು ಮಾರಿದರು. ಮರುವಾರವೇ ದರ ಇನ್ನೂರೈವತ್ತಾಯಿತು. "ಸಾವಿರ ಹೋಯ್ತು!" ಎಂದು ಅವನು ಉಪ್ಪಿಟ್ಟಿನ ತಟ್ಟೆ ದೂಡಿದ. "ಎಲ್ಲಿಂದ ಹೋಯ್ತು? ನಮ್ಮ ಹತ್ರ ಇತ್ತಾ?" ಎಂದು ಅವಳು ತಟ್ಟೆಯನ್ನು ಮತ್ತೆ ಮುಂದಿಟ್ಟಳು. ಮುನ್ನೂರೆಂಬತ್ತಾದ ದಿನ ಅವನು ಊಟವನ್ನೇ ಬಿಟ್ಟ. ಆಮೇಲೆ ಬೇಸಿಗೆಯಲ್ಲಿ ಷೇರುಪೇಟೆಯ ಹಗರಣ ಬಯಲಾಗಿ ದರ ಬಿತ್ತು. ಬಿದ್ದದ್ದು ಏಳಲೇ ಇಲ್ಲ. ವೆಂಕಟರಾಯಪ್ಪ ಪೇಪರನ್ನು ಕ್ರಿಕೆಟ್ಟಿನ ಪುಟದಿಂದ ಓದುವ ಅಭ್ಯಾಸ ಮಾಡಿಕೊಂಡ.

ಮರುವರ್ಷ ಗಿರಣಿಯ ವಾರ್ಷಿಕ ಲೆಕ್ಕದ ಪುಸ್ತಕ ಅಂಚೆಯಲ್ಲಿ ಬಂದಾಗ ಮುನಿಗಂಗಮ್ಮ ಅದನ್ನು ಪಕ್ಕದ ಮನೆ ಮೇಷ್ಟ್ರಿಂದ ಓದಿಸಿಕೊಂಡು ಬಂದಳು.

"ಲಾಭ ಈ ವರ್ಷಾನೂ ನಾಲ್ಕೇ ರೂಪಾಯಿ ಅಂತೆ. ಹೊಸ ಮಿಷನ್ನೂ ಹಾಕ್ತಾವ್ರಂತೆ. ದರ ಎಷ್ಟೀಗ?"

"ನಲವತ್ತು," ಎಂದ ಅವನು ಗೋಡೆ ಕಡೆ ತಿರುಗಿ.

"ಅಂದ್ರೆ ಹತ್ತೇ ವರ್ಷ! ಈಗ ಯೋಚ್ನೆ ಮಾಡ್ಬೋದು. ಇನ್ನೂ ನೂರು ತಗೊಳ್ಳೋಣ್ವೇನ್ರೀ?"

"ಷೇರಾ? ಅದ್ರ ಸಹವಾಸಾನೇ ಬೇಡ ಕಣೇ!"

ಅವನು ಹಾಗೆಂದು ಮುಗಿಸುವಷ್ಟರಲ್ಲಿ ಮುನಿಗಂಗಮ್ಮ ಬೇರೆ ಸೀರೆ ಉಟ್ಟು ಹೊರಗೆ ಬಂದಿದ್ದಳು. ಬ್ರೋಕರ್ ಹನ್ನೊಂದಕ್ಕೆ ಬಾಗಿಲು ತೆಗೆಯುತ್ತಿದ್ದ.