ಏರಿನಲ್ಲಿ ಬಿರಿದದ್ದು

"ಮೂರು ತಿಂಗಳಾದ ಮೇಲೆ ದೊಡ್ಡ ಲಾರಿಗಳಿಗೆ ನಾವು ಎಂಜಿನ್ ಮಾಡೋದಿಲ್ಲ," ಎಂದು ಒಂದೇ ಉಸಿರಿಗೆ ಹೇಳಿ ಮುಖ್ಯ ಎಂಜಿನಿಯರ್ ತಲೆ ತಗ್ಗಿಸಿದ. ಕಾರ್ಖಾನೆಯ ಶೆಡ್ಡಿನಲ್ಲಿ ಇನ್ನೂರು ಕೆಲಸಗಾರರು ಸೇರಿದ್ದರು.

"ಯಾಕೆ ಸಾರ್?" ಹಿಂದಿನಿಂದ ಯಾರೋ ಕೇಳಿದರು.

"ಹೊಗೆಯ ಕಾನೂನು ಬಿಗಿಯಾಯ್ತು. ಲಾರಿ ಕಂಪನಿಗಳೂ ತಮ್ಮ ಎಂಜಿನ್ ತಾವೇ ಮಾಡ್ಕೊಳ್ತಿವೆ."

ಸುಳ್ಳೇನಲ್ಲ. ಆದರೆ ಆರು ವರ್ಷದ ಹಿಂದೆ ಉಳಿದ ಎಂಜಿನ್ ಕಂಪನಿಯವರೆಲ್ಲ ಹೊಗೆ ಶುದ್ಧಮಾಡಲು ಎಂಜಿನ್ನಿನ ಹೊರಗೆ ಬೇರೆ ವ್ಯವಸ್ಥೆ ಕೂರಿಸುತ್ತಿದ್ದಾಗ, ನಮಗೆ ಅದು ಬೇಡ, ಹೊಗೆಯನ್ನು ಒಳಗೇ ತಿರುಗಿಸಿ ಸುಡೋಣ ಎಂದು ಹಟ ಹಿಡಿದವನು ಈ ಎಂಜಿನಿಯರನೇ. ಪರೀಕ್ಷಾ ವಿಭಾಗದ ಹೆಂಗಸು ಮೂರು ಸಲ ಬಂದು, "ಏರು ಹತ್ತುವಾಗ ಕಾವು ಮಿತಿಮೀರ್ತಿದೆ ಸಾರ್, ಬಿರುಕು ಬಿಡುತ್ತೆ," ಎಂದಿದ್ದಳು. "ಬಿಟ್ಟಾಗ ನೋಡೋಣ," ಎಂದು ಅವಳ ವರದಿಯನ್ನು ಕಪಾಟಿಗೆ ಸೇರಿಸಿದ್ದ. ಎಂಜಿನ್ನುಗಳು ಬಿರಿದವು. ಸರಕು ಹೊತ್ತ ಲಾರಿಗಳು ಬೆಟ್ಟದ ದಾರಿಯ ನಡುವೆ ನಿಂತವು; ಕೊಳ್ಳುವವರು ಒಬ್ಬೊಬ್ಬರಾಗಿ ಕೈಬಿಟ್ಟರು.

ಶೆಡ್ಡಿನಲ್ಲಿ ಗುಸುಗುಸು ಎದ್ದಿತು. ಆಗ ಫೋರ್‌ಮನ್ ಮುಂದೆ ಬಂದ. ಅವನು ಎಂಜಿನಿಯರನ ಅಕ್ಕನ ಗಂಡ. ಕಾರ್ಖಾನೆಯಲ್ಲಿ ಯಾವತ್ತೂ 'ಸಾರ್' ಎನ್ನುತ್ತಿದ್ದವನು ಅಂದು ನಂಟು ಮುಚ್ಚಿಡಲಿಲ್ಲ. "ಸುಮ್ನಿರ್ರೋ. ನನ್ನ ಭಾಮೈದ ನಮಗೋಸ್ಕರ ಎಷ್ಟು ಗುದ್ದಾಡಿದ್ದಾನೋ ನಂಗೊತ್ತು. ಕಾನೂನಿಗೆ ಅವನೇನು ಮಾಡ್ತಾನೆ?"

ಜನ ಊಟದ ಕೋಣೆಗೆ ಹೋದರು. ನಲ್ಲಿಯ ಬಳಿ ಕೈ ತೊಳೆಯುತ್ತಿದ್ದ ಫೋರ್‌ಮನ್‌ನನ್ನು ಎಂಜಿನಿಯರ್ ತಡೆದ.

"ಭಾವ, ಬರೀ ಕಾನೂನಲ್ಲ. ತಪ್ಪು ನಂದು. ಬಿರಿಯುತ್ತೆ ಅಂತ ಮೊದಲೇ ಹೇಳಿದ್ರು, ನಾನೇ ಕೇಳಲಿಲ್ಲ."

ಭಾವನ ಕೈಯಲ್ಲಿ ಸೋಪು ಹಾಗೇ ನಿಂತಿತು.

"ಇದನ್ನ ನಂಗ್ಯಾಕೋ ಹೇಳ್ತೀಯ? ಮನೆಯವನು, ಹೇಗೋ ನುಂಗ್ಕೋತಾನೆ ಅಂತಾನಾ?"

"ಹಾಗಲ್ಲ ಭಾವ..."

"ಅವರೆದುರು ನಿನ್ನ ಪರ ಬಾಯಿ ಬಿಟ್ಟಾಯ್ತು. ಈಗ ನನ್ನನ್ನೂ ಸುಳ್ಳುಗಾರನ್ನ ಮಾಡಿದೆ." ಕೈ ಒರೆಸಿಕೊಳ್ಳದೆಯೇ ಭಾವ ಒಳಗೆ ಹೋಗಿಬಿಟ್ಟ.

ಎಂಜಿನಿಯರ್ ಅವನ ಹಿಂದೆಯೇ ಊಟದ ಕೋಣೆಯ ಬಾಗಿಲಿಗೆ ಬಂದ. ಭಾವ ಗೋಡೆಯತ್ತ ಮುಖಮಾಡಿ ಕೂತಿದ್ದ.

"ನಾನು ಆಗ ಪೂರ್ತಿ ಹೇಳಲಿಲ್ಲ," ಎಂದ ಎಂಜಿನಿಯರ್ ಎಲ್ಲರಿಗೂ. ದನಿ ಮೊದಲ ಬೆಂಚಿಗೂ ತಲುಪಲಿಲ್ಲ. ಇನ್ನೊಮ್ಮೆ ಹೇಳಿದ.

ತುತ್ತು ಕೈಯಲ್ಲಿದ್ದವರು ತಿರುಗಿದರು. ಯಾರೋ ಎದ್ದು, ಕೇಳಿಸಲೆಂದು, ಗಡಗಡಿಸುತ್ತಿದ್ದ ಫ್ಯಾನು ಆರಿಸಿದರು.