ಶರಣಿಗೆ ತುತ್ತು

ಏನೋ ಉರುಳಿದ ಸದ್ದು, ಕೊಡವಲ್ಲ, ಮಜ್ಜಿಗೆ ಗಡಿಗೆಯ ಮುಚ್ಚಳ, ಮತ್ತೆ ಇವಳೇ ಡಿಕ್ಕಿ ಹೊಡೆದಿದ್ದಾಳೆ, ನಾಲ್ಕು ವರ್ಷ ಇದೇ ಅಡುಗೆಮನೆಯಲ್ಲಿ ಓಡಾಡಿದ ಬೆಕ್ಕು ಈಗ ಗೋಡೆ ಯಾವುದು ಬಾಗಿಲು ಯಾವುದು ಎಂದು ಮೀಸೆಯಿಂದ ತಡವಿ ನೋಡುತ್ತದೆ, ಬಾ ಶರಣಿ, ಇಲ್ಲಿದ್ದೀನಿ, ಈ ಕಡೆ — ಬರುತ್ತಾಳೆ, ಎರಡು ಹೆಜ್ಜೆ, ನಿಂತಳು, ಏದುಸಿರು, ಕೂತೇಬಿಟ್ಟಳು. ಮಧ್ಯಾಹ್ನದ ಪ್ಯಾಸೆಂಜರ್ ರೈಲು ಹೋಯಿತು, ಗಿರಾಕಿಗಳೂ ಹೋದರು, ಖಾನಾವಳಿಯಲ್ಲಿ ಈಗ ನಾನು, ಇವಳು, ತೊಳೆಯದ ತಾಟುಗಳು. ಹಿಂದಿನ ಓಣಿಯ ಪೀರ್ ಬೀ ಇನ್ನೂ ಬಂದಿಲ್ಲ. ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಿದ್ದೇನೆ, ಹಗಲು ಹೊತ್ತು ನಾನು ಮುಂಬಾಗಿಲು ಹಾಕಿದ್ದು ಗಂಡ ತೀರಿಕೊಂಡ ದಿನ, ಅದು ಬಿಟ್ಟರೆ ಇವತ್ತು, ಯಾರಾದರೂ ನೋಡಿದರೆ, ಲಿಂಗಾಯತ ಖಾನಾವಳಿ ಎಂಬ ಬೋರ್ಡಿನ ಕೆಳಗೆ ಮಾಂಸ ಬಂತೆಂದು ಕೊಟ್ಟೂರಿಗೆ ಗೊತ್ತಾದರೆ ನಾಳೆ ನನ್ನ ರೊಟ್ಟಿ ಯಾರು ಮುಟ್ಟುತ್ತಾರೆ, ಮುಟ್ಟದಿದ್ದರೆ ಹೋಗಲಿ, ಇವಳೊಬ್ಬಳು ಉಳಿಯಲಿ. ನಿನ್ನೆ ಇವಳನ್ನು ತರಕಾರಿ ಬುಟ್ಟಿಯಲ್ಲಿಟ್ಟು ಮೇಲೆ ಹಳೆ ಸೀರೆಯ ತುಂಡು ಕಟ್ಟಿ ದನದ ದವಾಖಾನೆಗೆ ಹೊತ್ತುಕೊಂಡು ಹೋದೆ, ಎತ್ತು, ಎಮ್ಮೆ, ಕಾಲು ಮುರಿದ ಆಡು, ಅವುಗಳ ನಡುವೆ ನನ್ನ ಬುಟ್ಟಿ, ಏನೈತಬೇ ಬುಟ್ಯಾಗ, ಕೋಳಿಯೇನು ಅಂತ ಒಬ್ಬ, ಬೆಕ್ಕಪ್ಪಾ ಅಂದೆ, ಅವನು ನಕ್ಕ ನಗೆಗೆ ಎಮ್ಮೆಯೂ ತಿರುಗಿ ನೋಡಿತು. ಕಾಂಪೌಂಡರ್ ಗಂಗಪ್ಪನ ರಿಜಿಸ್ಟರಿನಲ್ಲಿ ಬೆಕ್ಕಿಗೆ ಕಾಲಂ ಇಲ್ಲವಂತೆ, ಎತ್ತು ಐತಿ, ಎಮ್ಮಿ ಐತಿ, ಕುರಿ ಐತಿ, ಇದನ್ನ ಎಲ್ಲಿ ಬರೀಲಿ ಹೇಳ್ರಿ ಬಸಲಿಂಗಮ್ಮಾ, ಎಲ್ಲೆರ ಬರಿಯಪ್ಪಾ, ಡಾಕ್ಟರು ನೋಡಿದರ ಸಾಕು, ಕುರಿಯ ಕಾಲಂನಲ್ಲಿ ಬರೆದುಕೊಂಡ.

ಡಾಕ್ಟರು ಚಿಕ್ಕ ವಯಸ್ಸಿನವರು, ಬ್ಯಾಟರಿ ಬಿಟ್ಟು ಕಣ್ಣು ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ಆಮೇಲೆ ಇದಕ್ಕ ಏನು ಹಾಕ್ತೀರಮ್ಮಾ ಅಂದರು, ನನಗೆ ಎದೆಯುಬ್ಬಿತು, ಇದೊಂದನ್ನು ಕೇಳಲಿ ಎಂದೇ ಕಾದಿದ್ದೆನಲ್ಲ, ಹಾಲು ರೊಟ್ಟಿರಿ, ಅನ್ನ ಮಸರು, ಹಬ್ಬಕ್ಕ ಹೋಳಿಗಿ ತುಪ್ಪ, ನಾವು ಉಂಡದ್ದ ಉಣ್ಣತೈತ್ರಿ, ದಿನಾ ಮುಂಜಾನಿ ವಿಭೂತಿ ಹಚ್ಚತೀನ್ರಿ, ಹೆಸರು ಶರಣಿ ಅಂತ. ಇಲಿ ಹಿಡಿಯಂಗಿಲ್ಲೇನು? ಛೀ, ಬಿಡ್ತು ಅನ್ರಿ, ನಮ್ಮದು ಅಂಥದ್ದೆಲ್ಲ ಮುಟ್ಟಂಗಿಲ್ಲ. ಡಾಕ್ಟರು ನಗಲಿಲ್ಲ, ಹೊಗಳಲೂ ಇಲ್ಲ, ಬ್ಯಾಟರಿ ಆರಿಸಿ ಜೇಬಿಗೆ ಹಾಕಿಕೊಂಡರು, ಅಮ್ಮಾ, ಬೆಕ್ಕು ಮಾಂಸ ತಿನ್ನೋ ಪ್ರಾಣಿ, ಅದು ಸಿಗದನ ಕಣ್ಣು ಹೋಗ್ಯಾವ, ಎದಿನೂ ಸೋತೈತಿ, ಕಣ್ಣು ತಿರುಗಿ ಬರಂಗಿಲ್ಲ, ಇನ್ನ ಮ್ಯಾಲೆ ಮಾಂಸಾನೋ ಮೀನೋ ತಿಂದರ ಜೀವ ಒಂದು ಉಳಿದೀತು, ಅದನ್ನೂ ಖಾತ್ರಿ ಹೇಳಂಗಿಲ್ಲ. ಸೂಜಿ ಹಾಕ್ರಿ ಸರ, ಗುಳಿಗಿ ಕೊಡ್ರಿ. ಸೂಜಿ ಇಲ್ಲಮ್ಮಾ ಇದಕ್ಕ, ಊಟಾನ ಔಷಧ. ಊಟ! ನನ್ನ ಕೈಯ ಊಟ, ರೈಲಿಳಿದವರು ಹುಡುಕಿಕೊಂಡು ಬಂದು ಉಣ್ಣುವ ಊಟ, ಅದೇ ಇವಳ ಕಣ್ಣು ತಿಂದಿತೇ, ಡಾಕ್ಟರ ಮೇಲೆ ಸಿಟ್ಟು ಬಂತು, ದವಾಖಾನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಸಿಟ್ಟು ಹೋಗಿ ಬರೀ ಹೆದರಿಕೆ ಉಳಿಯಿತು. ಈ ಪೀರ್ ಬೀ, ಸೈಕಲ್ ಅಂಗಡಿ ಖಾಜಾಸಾಬನ ಹೆಂಡತಿ, ಎರಡು ವರ್ಷದ ಹಿಂದೆಯೇ ಹೇಳಿದ್ದಳು, ಅಕ್ಕಾ, ಬೆಕ್ಕಿಗೆ ಏನರ ಒಂದು ತುಣುಕು ಬೇಕಾಕೈತಿ, ದಿನಾ ನಮ್ಮನಿ ಕಡೆ ಬಿಡು, ನಾನು ಮೋರೆ ಗಂಟಿಕ್ಕಿಕೊಂಡು ಹದಿನೈದು ದಿನ ಅವಳೊಡನೆ ಮಾತು ಬಿಟ್ಟೆ. ಇವತ್ತು ಬೆಳಿಗ್ಗೆ ನಾನೇ ಹೋಗಿ ಅವಳ ಅಂಗಳದಲ್ಲಿ ನಿಂತೆ, ಡಾಕ್ಟರು ಹೇಳಿದ್ದನ್ನು ಹೇಳಿದೆ, ಅವಳು ಹಂಗಿಸಲಿಲ್ಲ, ಮಧ್ಯಾಹ್ನ ತರ್ತೀನಿ ನಡಿಯಕ್ಕಾ, ಅಂದಳು ಅಷ್ಟೆ.

ಬಂದಳು, ಸೆರಗಿನ ಕೆಳಗೆ ಒಂದು ಅಲ್ಯೂಮಿನಿಯಂ ಬೋಗುಣಿ, ಉಪ್ಪು ಖಾರ ಏನೂ ಹಾಕಿಲ್ಲಕ್ಕಾ, ಮೆತ್ತಗ ಕುದಿಸಿ ಎಳಿ ಎಳಿ ಬಿಡಿಸೀನಿ, ನಾನ ತಿನ್ನಿಸಲೇನು? ಬ್ಯಾಡವಾ, ನಾನ ಹಾಕ್ತೀನಿ, ಎಂದೆ, ಯಾಕೆ ಎಂದೆನೋ, ತಪ್ಪು ನನ್ನದು, ತುತ್ತೂ ನನ್ನದೇ ಇರಲಿ. ಮುಚ್ಚಳ ತೆಗೆದರೆ ಆ ವಾಸನೆ, ಎಡಗೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಚ್ಚಿತು, ಬಲಗೈ ಹಾಕಿದೆ, ಬೆಂದ ಬದನೆಕಾಯಿಯಷ್ಟು ಮೆತ್ತಗಿದೆ, ಇಷ್ಟೇನಾ, ಇಷ್ಟಕ್ಕೇನಾ, ತಿನ್ನು ಶರಣಿ, ಮೂಗಿನ ಹತ್ತಿರ ಹಿಡಿದೆ, ಮೂಗು ಆಡಿತು, ಎಷ್ಟೋ ದಿನದ ಮೇಲೆ ಕಿವಿ ನಿಮಿರಿದವು, ಕುತ್ತಿಗೆ ಚಾಚಿದಳು, ನೋಡ ಪೀರ್ ಬೀ, ತಿಂತಾಳ — ಇಲ್ಲ. ಕಿವಿ ಹಿಂದಕ್ಕೆ ಹೋದವು, ಹೊಟ್ಟೆ ನೆಲಕ್ಕೆ ಹತ್ತಿತು, ಆ ಕಾಣದ ಕಣ್ಣುಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡಳು. ಯಾಕಕ್ಕಾ, ಯಾಕ ಹಿಂಗ ಮುದುಡಿಕೊಂತು, ಪೀರ್ ಬೀ ಕೇಳುತ್ತಿದ್ದಾಳೆ, ನನಗೆ ಗೊತ್ತು, ಆರು ತಿಂಗಳ ಮರಿ ಆಗ, ಒಂದು ಸಣ್ಣ ಇಲಿಯನ್ನು ಕಚ್ಚಿ ತಂದು ನನ್ನ ಕಾಲ ಹತ್ತಿರ ಇಟ್ಟಿತ್ತು, ಇಟ್ಟು ನನ್ನ ಮುಖ ನೋಡಿತ್ತು, ನಾನು ಒಲೆಯ ಊದುಗೊಳವೆ ತಗೊಂಡು ಹೊಡೆದೆ, ಸೀಗೆಪುಡಿ ಹಾಕಿ ಬಾಯಿ ತಿಕ್ಕಿದೆ, ಇನ್ನೊಮ್ಮೆ ತಂದಾಗ ಇನ್ನೊಮ್ಮೆ ಹೊಡೆದೆ, ಮೂರನೆಯ ಸಲದ ಮೇಲೆ ತರಲಿಲ್ಲ, ನಮ್ಮ ಶರಣಿಗೆ ದೀಕ್ಷೆ ಆಯಿತು ಎಂದು ಗಿರಾಕಿಗಳಿಗೆಲ್ಲ ಹೇಳಿ ನಕ್ಕೆ, ಎಷ್ಟು ಬೇಗ ಕಲಿತಳು ನೋಡಿರಿ ಎಂದೆ, ಕಲಿತಳು, ಮರೆತಿಲ್ಲ, ತಿನ್ನು ನನ್ನ ತಾಯಿ, ಹೊಡೆಯೋದಿಲ್ಲ, ನೋಡು, ಕೈಯಲ್ಲಿ ಏನೂ ಇಲ್ಲ, ನೋಡು — ಹೆಂಗೆ ನೋಡುತ್ತಾಳೆ, ತಿನ್ನು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದೇನೆ, ಹತ್ತಿರ ತಂದಷ್ಟೂ ಬೆನ್ನು ಕುಗ್ಗುತ್ತದೆ, ಕಿವಿ ಹಿಂದಕ್ಕೆ, ಕಣ್ಣು ಮುಚ್ಚಿ, ಏಟಿಗೆ ಕಾಯುತ್ತಿದ್ದಾಳೆ, ತಿನ್ನು ಶರಣಿ, ಕಿವಿ ಹಿಂದಕ್ಕೆ, ಕಣ್ಣು ಮುಚ್ಚಿ, ಕಾಯುತ್ತಿದ್ದಾಳೆ